ಹದಿನೆಂಟು ದೀಪಗಳ ಕತ್ತಲೆ

ನಮ್ಮ ಹಾಲ್‌ನಲ್ಲಿ ಹದಿನೆಂಟು ದೀಪಗಳಿವೆ. ಗೃಹಪ್ರವೇಶದ ದಿನ ಎಲ್ಲವನ್ನೂ ಒಟ್ಟಿಗೆ ಹಾಕಿದ್ದೆವು. ಆಮೇಲೆ ನೆಂಟರು ಬಂದಾಗ ಹಾಕುತ್ತೇವೆ. ಮಿಕ್ಕ ದಿನ ಸಂಜೆ ಟಿವಿ ಹಾಕುವ ಮೊದಲು ಮಾಡುವ ಕೆಲಸವೇ ಹದಿನೆಂಟನ್ನೂ ಆರಿಸುವುದು. ಇದು ಕರೆಂಟ್ ಉಳಿಸುವ ಬುದ್ಧಿ ಎಂದು ದಯವಿಟ್ಟು ಹೊಗಳಬೇಡಿ. 2023ರಿಂದ ಸರ್ಕಾರ ಗೃಹಜ್ಯೋತಿ ಎಂದು ತಿಂಗಳಿಗೆ 200 ಯೂನಿಟ್‌ವರೆಗೆ ಪುಕ್ಕಟೆ ಕೊಡುತ್ತಿದೆ. ಜ್ಯೋತಿ ಅವರದು, ಕತ್ತಲೆ ನಮ್ಮ ಸ್ವಂತದ್ದು.

ಕತ್ತಲೆಗೆ ಕಾರಣವಿದೆ. ಫಾಲ್ಸ್ ಸೀಲಿಂಗ್ ಮಾಡುವಾಗ ಇಂಟೀರಿಯರ್‌ನವರು ಕೇಳಿದ್ದು ಒಂದೇ ಪ್ರಶ್ನೆ: "ಸಾರ್, ಫೋಟೋದಲ್ಲಿ ಹೇಗೆ ಬರ್ಬೇಕು?" ಸೋಫಾದಲ್ಲಿ ಕೂತವರಿಗೆ ಏನು ಕಾಣಬೇಕು ಎಂದು ಅವರು ಕೇಳಲಿಲ್ಲ, ನಮಗೂ ಹೊಳೆಯಲಿಲ್ಲ. ಹೀಗಾಗಿ ಆರು ದೀಪ ನೇರ ಟಿವಿಯ ಗಾಜಿನಲ್ಲಿ ಮೂಡುತ್ತವೆ. ನಾಯಕಿಯ ಹಣೆಯಲ್ಲಿ ಕುಂಕುಮದ ಸುತ್ತ ಆರು ಚಂದ್ರರು. ನಾಲ್ಕು ದೀಪ ಕೂತವರ ನೆತ್ತಿಯನ್ನು ಪೊಲೀಸ್ ವಿಚಾರಣೆಗೆ ಗುರಿಪಡಿಸುತ್ತವೆ. ಉಳಿದ ಎಂಟೂ ಗೋಡೆಯ ಮೇಲಿನ ಬುದ್ಧನ ಮುಖಕ್ಕೆ ಮೀಸಲು. ಅವನೋ ಕಣ್ಣು ಮುಚ್ಚಿ ಕೂತಿದ್ದಾನೆ. ಮನೆಯಲ್ಲಿ ಕಣ್ಣುರಿ ಇಲ್ಲದವನು ಅವನೊಬ್ಬನೇ.

ಟಿವಿ 55 ಇಂಚಿನದು. ಅಂಗಡಿಯಲ್ಲಿ ಸಾಲು ಸಾಲು ಟಿವಿಗಳ ನಡುವೆ ಗಿರಾಕಿಯ ಕೈ ಹಿಡಿದು ಎಳೆಯಬೇಕಲ್ಲ, ಬಣ್ಣವನ್ನೂ ಬೆಳಕನ್ನೂ ತುದಿಗೇರಿಸಿ ಇಟ್ಟಿದ್ದರು. ಆ ಸೆಟ್ಟಿಂಗ್‌ಗೆ 'ವಿವಿಡ್' ಎಂದು ಹೆಸರು. ಮನೆಗೆ ತಂದ ಮೇಲೂ ನಾವು ಅದನ್ನು ಇಳಿಸಲಿಲ್ಲ. ಕೊಟ್ಟ ದುಡ್ಡಿಗೆ ಪೂರ್ತಿ ಬೆಳಕು ಬೇಡವೇ? ಅಳಿಯ ಮದುವೆ ದಿನದ ಸೂಟಿನಲ್ಲೇ ಮರುದಿನ ತೋಟಕ್ಕೆ ನೀರು ಹಾಯಿಸಲಿ ಎಂದಂತಾಯಿತು.

"ದೀಪ ಯಾಕೋ ಆರಿಸ್ತೀಯ?" ಎಂದರೆ ಮಗನ ಉತ್ತರ ಸಿದ್ಧ: "ಥಿಯೇಟರ್ ಎಫೆಕ್ಟ್ ಅಪ್ಪಾ." ತೆರೆ ಎಷ್ಟು ಬೆಳಗುತ್ತದೆ ಎಂಬುದನ್ನು ನಿಟ್ಸ್ ಲೆಕ್ಕದಲ್ಲಿ ಅಳೆಯುತ್ತಾರೆ. ಸಿನಿಮಾ ಥಿಯೇಟರಿನ ಪರದೆಗೆ ಗೊತ್ತುಮಾಡಿದ ಬೆಳಕು ಸುಮಾರು 48 ನಿಟ್ಸ್. ನಮ್ಮ ಟಿವಿ ಹುರುಪಿಗೆ ಬಂದರೆ 500ಕ್ಕೂ ಹಾರುತ್ತದೆ. ಥಿಯೇಟರಿನಿಂದ ನಾವು ಮನೆಗೆ ತಂದದ್ದು ಕತ್ತಲೆ ಮತ್ತು ಪಾಪ್‌ಕಾರ್ನ್ ಮಾತ್ರ.

ಇದರ ನಡುವೆ ಸಿಕ್ಕಿಬಿದ್ದದ್ದು ಕಣ್ಣಿನ ಪಾಪೆ. ಕತ್ತಲಲ್ಲಿ ಹಿಗ್ಗುವುದು, ಬೆಳಕಿಗೆ ಕುಗ್ಗುವುದು ಅದರ ಧರ್ಮ. ಸುತ್ತ ಕಗ್ಗತ್ತಲು, ನಡುವೆ ಉರಿಯುವ ಚೌಕ; ಪಾಪ, ಯಾರ ಮಾತು ಕೇಳಬೇಕು? ಕ್ರಿಕೆಟ್ಟಾದರೆ ಹೇಗೋ ತಡೆದುಕೊಳ್ಳುತ್ತದೆ, ಹಸಿರು ಮೈದಾನ ಒಂದೇ ಹದದಲ್ಲಿರುತ್ತದೆ. ಅಮ್ಮನ ಧಾರಾವಾಹಿ ಹಾಗಲ್ಲ. ಸೊಸೆ ಗರ್ಭಿಣಿ ಎಂಬ ಸುದ್ದಿ ಬಂದರೆ ಅತ್ತೆಯ ಮುಖಕ್ಕೆ ಮೂರು ಸಿಡಿಲು, ಮಾವನ ಮುಖಕ್ಕೆ ಮೂರು, ಸಂಬಂಧವೇ ಇಲ್ಲದ ಅಡುಗೆಯವಳ ಮುಖಕ್ಕೂ ಮೂರು. ಒಂಬತ್ತು ಸಿಡಿಲಿಗೂ ನಮ್ಮ ಪಾಪೆ ಬಸ್ಕಿ ಹೊಡೆಯಬೇಕು. ಸಸ್ಪೆನ್ಸ್ ಹೆಚ್ಚಾದಂತೆ ರೆಪ್ಪೆಯೂ ಕೆಲಸ ಮರೆಯುತ್ತದೆ. ಮಾಮೂಲಿಯಾಗಿ ನಿಮಿಷಕ್ಕೆ ಸುಮಾರು 15 ಸಲ ಬಡಿಯುವುದು ತೆರೆಯ ಮುಂದೆ ಅರ್ಧಕ್ಕಿಳಿದು ಕಣ್ಣು ಒಣಗುತ್ತದೆ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವುದು ಎಂದು ಹಿರಿಯರು ಇದನ್ನೇ ಅಂದಿರಬೇಕು. ನಾವು ಬಿಟ್ಟುಕೊಳ್ಳುವುದು ಡ್ರಾಪ್ಸ್.

ಡಾಕ್ಟರು ಸಮಾಧಾನ ಹೇಳಿದರು. "ಕತ್ತಲಲ್ಲಿ ಟಿವಿ ನೋಡಿದ್ರೆ ಕಣ್ಣೇನೂ ಹೋಗಲ್ಲ, ಸುಸ್ತಾಗುತ್ತೆ ಅಷ್ಟೆ. ಟಿವಿ ಬ್ರೈಟ್‌ನೆಸ್ ಇಳಿಸಿ, ಅದರ ಹಿಂದೆ ಒಂದು ಸಣ್ಣ ದೀಪ ಹಾಕಿ. 20 ನಿಮಿಷಕ್ಕೊಮ್ಮೆ 20 ಅಡಿ ದೂರದ್ದನ್ನ 20 ಸೆಕೆಂಡ್ ನೋಡಿ." ಬೆಂಗಳೂರಿನ 30-40 ಸೈಟಿನಲ್ಲಿ 20 ಅಡಿ ದೂರ ನೋಡಬೇಕೆಂದರೆ ಕಣ್ಣು ನೇರ ಪಕ್ಕದ ಮನೆಯ ಅಡುಗೆಕೋಣೆಗೇ ಹೋಗುತ್ತದೆ. ಕಣ್ಣು ಉಳಿಯುತ್ತದೆ, ಮರ್ಯಾದೆ ಉಳಿಯುವುದಿಲ್ಲ.

ಪುಕ್ಕಟೆ ಸಲಹೆಯನ್ನು ಯಾರು ನಂಬುತ್ತಾರೆ? ನಾನು ಕನ್ನಡಕದ ಅಂಗಡಿಗೆ ಹೋಗಿ, ತೆರೆಯ ನೀಲಿ ಬೆಳಕನ್ನು ತಡೆಯುತ್ತದೆ ಎನ್ನುವ 'ಬ್ಲೂ ಕಟ್' ಗಾಜು ಹಾಕಿಸಿಕೊಂಡೆ. ಈ ಗಾಜಿನ ಮೇಲಿನ ಪ್ರಯೋಗಗಳನ್ನು ಜಾಲಾಡಿದ ಕಾಕ್ರೇನ್ ಸಂಸ್ಥೆಯ ವರದಿ, ಮಾಮೂಲಿ ಗಾಜಿಗಿಂತ ಇದರಿಂದ ಕಣ್ಣಿನ ಸುಸ್ತು ಹೆಚ್ಚೇನೂ ತಗ್ಗಲಿಕ್ಕಿಲ್ಲ ಎಂದು 2023ರಲ್ಲೇ ಹೇಳಿತ್ತು. ನೀಲಿಗೆ ಕತ್ತರಿ ಬಿತ್ತೋ ಇಲ್ಲವೋ, ಜೇಬಿಗೆ ಬಿತ್ತು.

ಮಗ ಟಿವಿಯ ಹಿಂದೆ ಅಂಟಿಸಲು ಬಣ್ಣ ಬದಲಿಸುವ ಎಲ್‌ಇಡಿ ಸ್ಟ್ರಿಪ್ ತಂದ. ಗೋಡೆ ಮೈಸೂರು ದಸರೆಯಾಯಿತು. ವಾರ್ತೆ ಓದುವವರ ಬೆನ್ನಿಗೆ ಒಮ್ಮೆ ನೇರಳೆ, ಒಮ್ಮೆ ಹಸಿರು. ಬರಗಾಲದ ಸುದ್ದಿಗೂ ಡಿಸ್ಕೋ. ಟಿವಿ ಚಿತ್ರದ ಬಣ್ಣ ತಿದ್ದುವ ಕೋಣೆಗಳಲ್ಲಿ ಪರದೆಯ ಹಿಂದೆ ಹಾಕುವುದು ಅಲುಗದ ಬಿಳಿ ಬೆಳಕು, ಅದೂ ಪರದೆಯ ಬೆಳಕಿನ ಹತ್ತರಲ್ಲೊಂದು ಪಾಲಿನಷ್ಟು ಮಂದ. ಕೊನೆಗೆ ಎಲೆಕ್ಟ್ರಿಷಿಯನ್ ಕರೆಸಿ, ಟಿವಿಯ ಬೆನ್ನಿಗೆ ಗೋಡೆ ಕಡೆ ಮುಖ ಮಾಡಿದ ಸಣ್ಣದೊಂದು ಬಿಳಿ ಬಲ್ಬ್ ಹಾಕಿಸಿದೆ. "ಜೀರೋ ಕ್ಯಾಂಡಲ್ ಬಲ್ಬು ಹಾಕೋಕೆ ಎರಡು ವರ್ಷ ಬೇಕಾಯ್ತೇನೋ?" ಎಂದರು ಅಮ್ಮ. ಒಂದು ವಾರ ಕಣ್ಣುರಿ ಇರಲಿಲ್ಲ.

ಎಂಟನೇ ದಿನ ಹಾಸನದಿಂದ ಚಿಕ್ಕಪ್ಪ ಬಂದರು. ಬಾಗಿಲಲ್ಲೇ ನಿಂತು ಆ ಬಲ್ಬನ್ನೂ ನನ್ನನ್ನೂ ನೋಡಿದರು. "ಏನೋ, ಇಷ್ಟು ಖರ್ಚು ಮಾಡಿ ಮನೆ ಕಟ್ಟಿ ಸೊನ್ನೆ ಬಲ್ಬಲ್ಲಿ ಕೂತಿದ್ದೀರಲ್ಲ? ಕೈ ಬಿಗಿಯಾಗಿದ್ಯಾ?"

"ರೀ, ಲೈಟ್ ಹಾಕ್ರೀ" ಎಂದು ಅಡುಗೆಮನೆಯಿಂದ ಹೆಂಡತಿಯ ದನಿ ಬಂತು. ಸ್ವಿಚ್ ಬೋರ್ಡಿನ ಮೇಲೆ ಹಾರ್ಮೋನಿಯಂ ನುಡಿಸಿದಂತೆ ಬೆರಳಾಡಿಸಿದೆ. ಬುದ್ಧ ಬೆಳಗಿದ. ನೆತ್ತಿಗಳು ಬೆಳಗಿದವು. ನಾಯಕಿಯ ಹಣೆಯಲ್ಲಿ ಆರು ಚಂದ್ರರು ಮರಳಿ ಮೂಡಿದರು.

"ಹಾಂ, ಈಗ ನೋಡು ಕಣ್ಣಿಗೆ ಎಷ್ಟು ತಂಪಾಗಿದೆ" ಎಂದು ಚಿಕ್ಕಪ್ಪ ತಲೆದೂಗಿದರು. ಅವರು ನೋಡುತ್ತಿದ್ದುದು ಸೀಲಿಂಗನ್ನು.