ಹೆಸರು ಹಚ್ಚುವ ಅಪ್ಪ

ಮಕ್ಕಳ ಹೆಸರನ್ನು ಕಂಡ ಕಂಡ ಶಿಬಿರ, ತರಬೇತಿ, ಮಂಡಳಿಗಳಿಗೆಲ್ಲ ಹಚ್ಚುತ್ತ ಹೋಗುವ ಪಾಲಕನೇ ಹೆಸರು ಹಚ್ಚುವ ಅಪ್ಪ. ಈ ಜಾತಿ ಹುಬ್ಬಳ್ಳಿ, ಧಾರವಾಡಗಳಂಥ ಪೇಟೆಗಳಲ್ಲಷ್ಟೇ ಇರುವುದೆಂದು ಬಹುಕಾಲ ನಂಬಲಾಗಿತ್ತು. ಈಗ ಹಾನಗಲ್ ತಾಲ್ಲೂಕಿನ ತಿಳವಳ್ಳಿಯಲ್ಲೂ ಧಾರಾಳವಾಗಿ ಕಾಣಸಿಗುತ್ತದೆ. ವಯಸ್ಸು ಮೂವತ್ತೈದರಿಂದ ನಲವತ್ತೈದರೊಳಗೆ. ಕಸುಬು ಯಾವುದಾದರೂ ಆದೀತು: ಗೊಬ್ಬರದ ಅಂಗಡಿ, ಸೊಸೈಟಿಯ ಗುಮಾಸ್ತಿಕೆ, ಮಾಸ್ತರಿಕೆ, ನಾಲ್ಕೆಕರೆ ಭತ್ತದ ಗದ್ದೆ. ಗುರುತಿಸಲು ಕಿಸೆ ನೋಡಿದರೆ ಸಾಕು. ಉಳಿದವರು ಎಲೆ-ಅಡಕೆ ಇಡುವ ಜಾಗದಲ್ಲಿ ಈತ ಮಕ್ಕಳ ಫೋಟೊ, ಆಧಾರ್ ಕಾರ್ಡಿನ ಝೆರಾಕ್ಸ್ ಮತ್ತು ಒಂದು ಗುಂಡುಸೂಜಿ ಇಟ್ಟುಕೊಂಡಿರುತ್ತಾನೆ. ತನ್ನ ರಕ್ತದ ಗುಂಪು ತನಗೆ ಗೊತ್ತಿರುವುದಿಲ್ಲ. ಮಕ್ಕಳ ಟೀ ಶರ್ಟಿನ ಅಳತೆ ಮಾತ್ರ ಬಾಯಿಪಾಠ.

ಈತ ಚುರುಕಾಗುವುದು ಏಪ್ರಿಲ್ 10ರಂದು. ಅಂದು ಶಾಲೆಯಲ್ಲಿ ಫಲಿತಾಂಶ ಹೇಳಿದರೆ ಮರುದಿನದಿಂದ ಮೇ 28ರವರೆಗೆ ರಜೆ. ಈ ಏಳು ವಾರಕ್ಕೆ ಹಿಂದೆ ಒಂದೇ ಮದ್ದಿತ್ತು, ಅಜ್ಜಿಯ ಊರು. ಈಗ ಅಲ್ಲಿಗೆ ಫೋನು ಹಚ್ಚಿದರೆ ಮಾಮಾ ತನ್ನ ಮಕ್ಕಳ ಹೆಸರನ್ನು ಹಾವೇರಿಯ ಶಿಬಿರಕ್ಕೆ ಹಚ್ಚಿ ಕೂತಿರುತ್ತಾನೆ. ಅಜ್ಜಿಯ ಊರಿನಲ್ಲಿ ಅಜ್ಜಿ ಒಬ್ಬಳೇ ಇದ್ದಾಳೆಂದು ತಿಳಿದು ಇಬ್ಬರೂ ಮರುಗುತ್ತಾರೆ. ಮರುಗಿಯಾದ ಮೇಲೆ, ಹಾವೇರಿಯ ಶಿಬಿರದಲ್ಲಿ ಇನ್ನೂ ಜಾಗ ಇದೆಯೇ ಎಂದು ಈತ ಕೇಳುತ್ತಾನೆ.

ತಿಳವಳ್ಳಿಯಂಥ ಊರಲ್ಲಿ ಯಾವ ಮಂಡಳಿ ಎಲ್ಲಿದೆ, ಯಾರು ಏನು ಕಲಿಸುತ್ತಾರೆ ಎಂಬುದನ್ನು ಯಾರೂ ಬರೆದಿಟ್ಟಿರುವುದಿಲ್ಲ. ಅದೆಲ್ಲ ಮಂದಿಯ ಬಾಯಲ್ಲಿದೆ, ಬಾಯಿಗಳು ಊರ ತುಂಬ ಹರಡಿಕೊಂಡಿವೆ. ಬಸ್ ನಿಲ್ದಾಣದ ಕಂಬಕ್ಕೆ ಅಂಟಿಸಿದ ಕರಪತ್ರ, ಚಹಾದಂಗಡಿಯ ಬೆಂಚು, ಕ್ಷೌರದಂಗಡಿಯ ಕನ್ನಡಿ, ಹಾನಗಲ್ಲಿಗೂ ಹಿರೇಕೆರೂರಿಗೂ ದಿನಾ ಓಡಾಡುವ ಕಂಡಕ್ಟರು, ಇವೆಲ್ಲ ಮೂಲಗಳೇ. ಆದರೆ ಎಲ್ಲಕ್ಕಿಂತ ನಂಬಿಕೆಯದು ಝೆರಾಕ್ಸ್ ಅಂಗಡಿ. ಕರಾಟೆಗೆ ಸೇರುವ ಹುಡುಗನ ಜನ್ಮ ದಾಖಲೆಯೂ ಭರತನಾಟ್ಯಕ್ಕೆ ಸೇರುವ ಹುಡುಗಿಯ ಆಧಾರ್ ಕಾರ್ಡೂ ಆ ಗಾಜಿನ ಮೇಲೆ ಮಲಗಿ ಏಳಲೇಬೇಕು. ಹೀಗಾಗಿ ಯಾವ ತರಗತಿ ಶುರುವಾಗಲಿದೆ, ಯಾವುದು ಎರಡೇ ವಾರಕ್ಕೆ ಮುಚ್ಚಲಿದೆ ಎಂಬುದು ಅಂಗಡಿಯವನಿಗೆ ಕಲಿಸುವವರಿಗಿಂತ ಮೊದಲೇ ತಿಳಿದಿರುತ್ತದೆ.

ಸುದ್ದಿ ಸಿಕ್ಕ ಮೇಲೆ ಪರೀಕ್ಷೆ. ಚಟುವಟಿಕೆ ಎನ್ನಿಸಿಕೊಳ್ಳಲು ಅರ್ಜಿ, ರಸೀದಿ, ಸರ್ಟಿಫಿಕೇಟ್ ಈ ಮೂರೂ ಇರಬೇಕು; ಟೀ ಶರ್ಟ್ ಇದ್ದರೆ ವಿಶೇಷ. ಗ್ರಾಮ ಪಂಚಾಯಿತಿಯ ಗ್ರಂಥಾಲಯ ಈ ಪರೀಕ್ಷೆಯಲ್ಲಿ ನಪಾಸಾಗುತ್ತದೆ. 2019ರಲ್ಲಿ ಈ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಸೇರಿದವು. 2020ರ ನವೆಂಬರಿನಲ್ಲಿ ‘ಓದುವ ಬೆಳಕು’ ಶುರುವಾಗಿ 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತವಾಯಿತು. ಈಗ ಅವಕ್ಕೆ ಅರಿವು ಕೇಂದ್ರ ಎಂದು ಹೆಸರು. ಕತೆ ಪುಸ್ತಕದ ಜೊತೆ ಚದುರಂಗ, ಕೇರಂಗಳೂ ಕಾಲಿಟ್ಟಿವೆ. ಅಪ್ಪ ಅಲ್ಲಿನ ಮೇಲ್ವಿಚಾರಕಿಯನ್ನು ವಿಚಾರಿಸುತ್ತಾನೆ.

“ಫೀ ಎಷ್ಟ್ರೀ ಅಕ್ಕಾರ?”

“ಇಲ್ರೀ, ಪುಕ್ಕಟೆ.”

“ಹಂಗಾದ್ರ ಏನ್ ಕಲಸ್ತೀರ್ರೀ?”

“ಪುಸ್ತಕ ಕೊಡ್ತೀವ್ರೀ. ಕುಂತು ಓದ್ತಾರ.”

“ಅದನ್ನ ಸಾಲ್ಯಾಗೂ ಮಾಡಸ್ತಾರಲ್ರೀ” ಎಂದು ಅಪ್ಪ ಎದ್ದು ಬರುತ್ತಾನೆ. ಹಿಂದೆ ನಿಂತಿದ್ದ ಮಗ ಅಷ್ಟರಲ್ಲಿ ಒಂದು ಪುಸ್ತಕದ ಅರ್ಧ ಓದಿರುತ್ತಾನೆ. ಉಳಿದರ್ಧಕ್ಕಾಗಿ ಆತ ಮರುದಿನ ಒಬ್ಬನೇ ಬರುವುದುಂಟು. ಅರ್ಜಿ ತುಂಬಿಸಿಲ್ಲವಾದ್ದರಿಂದ ಅದು ಲೆಕ್ಕಕ್ಕಿಲ್ಲ.

ಈಜಿನ ವಿಷಯದಲ್ಲೂ ಇದೇ ತೊಡಕು. ಬೇಸಿಗೆಯಲ್ಲಿ ಊರ ಹುಡುಗರು ಬಾವಿಯಲ್ಲೋ ಕೆರೆಯಲ್ಲೋ ಈಜು ಕಲಿಯುತ್ತಾರೆ. ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟುವ ಕಾಲ ಹೋಗಿ ಈಗ ಎಣ್ಣೆಯ ಖಾಲಿ ಡಬ್ಬಿ ಬಂದಿದೆ. ಕಲಿಸುವಾತ ಯಾರದೋ ಕಾಕಾ. ದಂಡೆಯ ಮೇಲೆ ಹಗ್ಗ ಹಿಡಿದು ಕೂತು ಬಯ್ಯುವುದೇ ಆತನ ಪಾಠಕ್ರಮ. “ಎಷ್ಟು ದಿನದ ಕೋರ್ಸ್ರೀ ಕಾಕಾ?” ಎಂದು ಅಪ್ಪ ಕೇಳಿದರೆ “ಈಜು ಬರೂಮಟಾ” ಎಂಬ ಉತ್ತರ ಬರುತ್ತದೆ. ಮುಗಿಯುವ ದಿನಾಂಕ ಇಲ್ಲದ ಕೋರ್ಸಿಗೆ ಹೆಸರು ಹಚ್ಚುವುದು ಹೇಗೆಂದು ಅಪ್ಪನಿಗೆ ತಿಳಿಯುವುದಿಲ್ಲ. ಸ್ಕೌಟ್ಸ್ ಮತ್ತು ಗೈಡ್ಸ್ ಈ ದೃಷ್ಟಿಯಿಂದ ಮೇಲು. ಚಿಕ್ಕ ಗಂಡುಮಕ್ಕಳಿಗೆ ಕಬ್, ಹೆಣ್ಣುಮಕ್ಕಳಿಗೆ ಬುಲ್‌ಬುಲ್. ಸಮವಸ್ತ್ರ, ಸ್ಕಾರ್ಫು, ಬ್ಯಾಡ್ಜು, ಎಲ್ಲಕ್ಕೂ ಕ್ರಮ ಉಂಟು. ಹರಿಹರ ತಾಲ್ಲೂಕಿನ ಕೊಂಡಜ್ಜಿಯಲ್ಲಿ ಶಿಬಿರ ಎಂದರಂತೂ ಹುಡುಗನಿಗಿಂತ ಮೊದಲು ಅಪ್ಪನ ಚೀಲ ತಯಾರಾಗುತ್ತದೆ. ಪಾಲಕರಿಗೆ ಅಲ್ಲಿ ಪ್ರವೇಶವಿಲ್ಲವೆಂದು ಆಮೇಲೆ ತಿಳಿಯುತ್ತದೆ.

ಸಂಗೀತದ ಮಾತು ಬಂದರೆ ಅಪ್ಪನ ಬಳಿ ಚರಿತ್ರೆಯ ಆಧಾರ ಸಿದ್ಧವಿರುತ್ತದೆ. ಪಂಚಾಕ್ಷರಿ ಗವಾಯಿಗಳು 1892ರಲ್ಲಿ ಹುಟ್ಟಿದ್ದು ಇದೇ ಹಾನಗಲ್ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ. ಕಣ್ಣು ಕಾಣದ ಆ ಹುಡುಗನ ಸಂಗೀತ ಕಲಿಕೆಗೆ ಬೆನ್ನಾಗಿ ನಿಂತವರು ಹಾನಗಲ್ಲಿನ ಕುಮಾರ ಸ್ವಾಮಿಗಳು. 1914ರಲ್ಲಿ ಹುಟ್ಟಿದ ಶಿಷ್ಯ ಪುಟ್ಟರಾಜ ಗವಾಯಿಗಳೂ ಇದೇ ತಾಲ್ಲೂಕಿನವರು. ಗದಗಿನಲ್ಲಿ ವೀರೇಶ್ವರ ಪುಣ್ಯಾಶ್ರಮ ನೆಲೆ ನಿಲ್ಲುವ ಮೊದಲು ಗುರುಗಳು ಶಿಷ್ಯರನ್ನು ಕಟ್ಟಿಕೊಂಡು ಊರೂರು ತಿರುಗುತ್ತಲೇ ಪಾಠ ಹೇಳಿದರು. ಇಷ್ಟನ್ನೂ ಸರಿಯಾಗಿ ಹೇಳುವ ಅಪ್ಪ, ಇದರಿಂದ ತಿಳಿದುಕೊಳ್ಳುವುದು ಇಷ್ಟೇ: ಮಣ್ಣಿನಲ್ಲೇ ಸಂಗೀತವಿದೆ, ಹುಡುಗನಿಗೆ ಮೂರು ತಿಂಗಳು ಸಾಕು. ಅವರು ಎಷ್ಟು ವರ್ಷ ಸಾಧನೆ ಮಾಡಿದರೆಂಬ ಭಾಗ ಬಂದಾಗ ಆತನಿಗೆ ಯಾವುದೋ ಫೋನು ಬರುತ್ತದೆ. ಹಾರ್ಮೋನಿಯಂ ಮನೆಗೆ ಬರುತ್ತದೆ. ಮೂರು ತಿಂಗಳಲ್ಲಿ ಹುಡುಗನ ಬೆರಳು ಸರಳೆಯ ಮೊದಲ ಸಾಲಿಗೇ ನಿಲ್ಲುತ್ತದೆ. ಆಮೇಲೆ ಹಾರ್ಮೋನಿಯಂ ಅನ್ನು ಅಜ್ಜ ಸೋಮವಾರದ ಭಜನೆಗೆ ಒಯ್ಯುತ್ತಾನೆ. ಭಜನಾ ಮಂಡಳಿಯಲ್ಲಿ ಅಜ್ಜ ಕೂರತೊಡಗಿ ನಲವತ್ತು ವರ್ಷವಾಗಿದ್ದರೂ ಅದೊಂದು ಮಂಡಳಿಯೆಂಬುದು ಅಪ್ಪನ ತಲೆಗೆ ಹೋಗಿರುವುದಿಲ್ಲ. ಅದಕ್ಕೆ ಅರ್ಜಿಯೇ ಇಲ್ಲವಲ್ಲ.

ನಾಟಕದ ಶಿಬಿರ ಮಾತ್ರ ಈ ಜಾತಿಯ ದುರ್ಬಲ ಜಾಗ. ಹಾನಗಲ್ ತಾಲ್ಲೂಕಿನ ಶೇಷಗಿರಿ ಒಂದು ಚಿಕ್ಕ ಹಳ್ಳಿ. ಅಲ್ಲಿನ ಶ್ರೀ ಗಜಾನನ ಯುವಕ ಮಂಡಳ ಹಳ್ಳಿಯ ಮಂದಿಯಿಂದಲೇ ನಾಟಕ ಕಟ್ಟಿ, ಹೊರಗೂ ಆಡಿ ಹೆಸರು ಮಾಡಿದೆ. ಅಷ್ಟು ಹತ್ತಿರದಲ್ಲಿ ಇಂಥದ್ದಿರುವಾಗ ಮಗನೂ ಬಣ್ಣ ಹಚ್ಚಲಿ ಎನ್ನಿಸುವುದು ಸಹಜ. ತೊಡಕು ಬರುವುದು ಅಪ್ಪನ ಹಳೆಯ ಅನುಭವದಿಂದ. ಈ ಭಾಗದಲ್ಲಿ ಜಾತ್ರೆಗೆ ನಾಟಕ ಆಡುವುದೆಂದರೆ ಪಾರ್ಟು ಮಾಡುವವರೇ ರೊಕ್ಕ ಹಾಕಬೇಕು. ಹಾರ್ಮೋನಿಯಂ ಮಾಸ್ತರು, ಸೀನರಿ, ಹೊರಗಿನಿಂದ ಕರೆಸುವ ನಟಿಯರ ಖರ್ಚೆಲ್ಲ ಅದರಲ್ಲೇ. ಪಾರ್ಟು ದೊಡ್ಡದಾದಷ್ಟೂ ಪಾಲು ದೊಡ್ಡದು. ಆದ್ದರಿಂದ ಯಾವುದೇ ಮಕ್ಕಳ ನಾಟಕದ ತಾಲೀಮಿಗೆ ಹೋದರೂ ಅಪ್ಪ ನಿರ್ದೇಶಕರನ್ನು ಬದಿಗೆ ಕರೆದು ಮೆಲ್ಲಗೆ ಕೇಳುತ್ತಾನೆ: “ರಾಜನ ಪಾರ್ಟಿಗೆ ಎಷ್ಟಾಕ್ಕೈತ್ರೀ ಸರ್?”

“ಇದರಾಗ ರಾಜ ಇಲ್ರೀ. ಎಲ್ಲಾರೂ ಮೇಳ.”

ಅಪ್ಪ ಯೋಚಿಸುತ್ತಾನೆ. “ಹಂಗಾದ್ರ ಮೇಳದಾಗ ಮುಂದಿನ ಸಾಲಿಗೆ ಎಷ್ಟ್ರೀ?”

ಶಿಬಿರ ಮುಗಿಯುವವರೆಗೆ ದಿನವೂ ಬಂದು ಕೂರುವ ಅಪ್ಪನಿಗೆ ಎಲ್ಲರ ಮಾತೂ ಬಾಯಿಗೆ ಬಂದುಬಿಡುತ್ತದೆ. ಪ್ರದರ್ಶನದ ರಾತ್ರಿ ಮಗ ಒಂದು ಕ್ಷಣ ತಡವರಿಸಿದರೆ ಸಾಕು, ಮೂರನೇ ಸಾಲಿನ ಕುರ್ಚಿಯಿಂದ ಮುಂದಿನ ಮಾತು ಕೇಳಿಬರುತ್ತದೆ. ಇಡೀ ಮೇಳ ಒಮ್ಮೆಲೇ ಆ ಕಡೆ ತಿರುಗುತ್ತದೆ. ಪ್ರೇಕ್ಷಕರು ಇದನ್ನು ನಿರ್ದೇಶಕರ ಹೊಸ ತಂತ್ರವೆಂದು ತಿಳಿದು ಚಪ್ಪಾಳೆ ತಟ್ಟುವುದೂ ಉಂಟು.

ಇನ್ನು ಕುಟುಂಬದ ತಿರುಗಾಟ. 2023ರ ಜೂನಿನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸಾರಿಗೆ ಸಂಸ್ಥೆಯ ಬಸ್ಸಿನಲ್ಲಿ ಅವ್ವನಿಗೂ ಅಜ್ಜಿಗೂ ಮಗಳಿಗೂ ದುಡ್ಡಿಲ್ಲ. ಅಪ್ಪನಿಗೆ, ಅಜ್ಜನಿಗೆ ಟಿಕೆಟ್ಟು, ಮಗನಿಗೆ ಅರ್ಧ. ಇದರಿಂದ ಮನೆಯ ಅಧಿಕಾರ ಸ್ವಲ್ಪ ಕೈಬದಲಾಯಿಸಿದೆ. ಎಲ್ಲಿಗೆ ಹೋಗುವುದೆಂದು ಈಗ ಅವ್ವ ಹೇಳುತ್ತಾಳೆ, ಅಪ್ಪ ಚಿಲ್ಲರೆ ಎಣಿಸುತ್ತಾನೆ. ಮೊದಲ ಊರು ಸಾಮಾನ್ಯವಾಗಿ ಶಿಗ್ಗಾವಿ ತಾಲ್ಲೂಕಿನ ಬಂಕಾಪುರ. ಅಲ್ಲಿನ ಹಳೆಯ ಕೋಟೆಯ ಆವರಣ 2006ರಿಂದ ನವಿಲುಧಾಮ. ನವಿಲು ಬೆಳಗಿನ ತಂಪಿನಲ್ಲೂ ಇಳಿಹೊತ್ತಿನಲ್ಲೂ ಮೇಯಲು ಹೊರಬೀಳುವ ಹಕ್ಕಿ. ಹಾನಗಲ್ಲಿನಲ್ಲಿ ಬಸ್ಸು ಬದಲಿಸಿ ಬರುವ ಕುಟುಂಬ ಕೋಟೆಯೊಳಗೆ ಕಾಲಿಡುವುದು ನಡುಮಧ್ಯಾಹ್ನ. ದೂರದಿಂದ ಕೂಗು ಕೇಳುತ್ತದೆ, ಗರಿ ಕಾಣುವುದಿಲ್ಲ. ಬಂದ ಖರ್ಚು ವಸೂಲು ಮಾಡಲು ಅಪ್ಪ ಎಲ್ಲರನ್ನೂ ನಗರೇಶ್ವರ ದೇವಾಲಯಕ್ಕೆ ಕರೆದೊಯ್ಯುತ್ತಾನೆ. ಮಂದಿ ಅದನ್ನು ಅರವತ್ತು ಕಂಬದ ಗುಡಿ ಎನ್ನುತ್ತಾರೆ. ಎಣಿಸಿರೆಂದು ಮಕ್ಕಳಿಗೆ ಹೇಳುತ್ತಾನೆ. ಮಗನಿಗೆ ಐವತ್ತೆಂಟು, ಮಗಳಿಗೆ ಅರವತ್ತೊಂದು. ಸರಿಯಾದ ಲೆಕ್ಕಕ್ಕಾಗಿ ಅಪ್ಪನೇ ಎಣಿಸಲು ನಿಂತು ನಲವತ್ತರ ಹತ್ತಿರ ತಪ್ಪುವಾಗ ಮರಳುವ ಬಸ್ಸು ಹೋಗಿರುತ್ತದೆ. ಹೊತ್ತು ಇಳಿದು ಹೊರಬರುವ ನವಿಲುಗಳು ಕುಟುಂಬದ ಕಣ್ಣಿಗೆ ಬೀಳುವುದು ಹೀಗೆಯೇ.

ಸವಣೂರಿನ ದೊಡ್ಡಹುಣಸೆ ಕಲ್ಮಠದಲ್ಲಿ ಆಫ್ರಿಕಾ ಮೂಲದ ಬಾವೊಬಾಬ್ ಮರಗಳಿವೆ. ಮರದ ಸುತ್ತ ಕೈ ಕೈ ಹಿಡಿದು ನಿಂತು ಅಳೆಯುವುದು ಹೆಸರು ಹಚ್ಚುವ ಅಪ್ಪನ ನಿಯಮ. ಮನೆಮಂದಿಯೆಲ್ಲ ನಿಂತರೂ ಸುತ್ತು ಮುಗಿಯದು. ಆಗ ದರ್ಶನಕ್ಕೆ ಬಂದ ಅಪರಿಚಿತರನ್ನು “ಒಂದ್ ಕೈ ಕೊಡ್ರೀ ಯಜಮಾನ್ರ” ಎಂದು ಎಳೆದು ಸೇರಿಸುತ್ತಾನೆ. ಕನಕದಾಸರು ಹುಟ್ಟಿದ ಬಾಡದಲ್ಲಿ ಹೊಸದಾಗಿ ಕಟ್ಟಿದ ಅರಮನೆಯೂ ಪಟ್ಟಿಯಲ್ಲಿರುತ್ತದೆ.

ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್ ಸ್ವಲ್ಪ ನಿಂತು ನೋಡಬೇಕಾದ ಜಾಗ. ಕಲಾವಿದ ಟಿ.ಬಿ. ಸೊಲಬಕ್ಕನವರ ರೂಪಿಸಿದ ಈ ತೋಟದಲ್ಲಿ ಉತ್ತರ ಕರ್ನಾಟಕದ ಹಳ್ಳಿಯ ಬದುಕೆಲ್ಲ ಆಳೆತ್ತರದ ಬೊಂಬೆಗಳಾಗಿ ನಿಂತಿದೆ: ಒಕ್ಕಲಾಟ, ಕಮ್ಮಾರಸಾಲೆ, ಎಮ್ಮೆ ಕಾಯುವವರು. ಟಿಕೆಟ್ ತೆಗೆಸುವಾಗ ಅಜ್ಜನ ತಕರಾರು ಇದ್ದದ್ದೇ. “ಎಮ್ಮಿ ನೋಡಾಕ ರೊಕ್ಕ ಕೊಡಬೇಕೇನೋ ತಮ್ಮಾ? ಹಿತ್ತಲದಾಗ ಕಟ್ಟಿಲ್ಲೇನು?” ಒಳಗೆ ಹೋದ ಅರ್ಧ ತಾಸಿಗೆ ಅಜ್ಜನೇ ಗುಂಪಿನ ಮುಂದಾಳು. ಯಾವ ಸಲಕರಣೆಗೆ ಏನೆನ್ನುತ್ತಾರೆ, ಕೈ ಎಲ್ಲಿ ಹಿಡಿಯಬೇಕು, ಕಲಾವಿದರು ಎತ್ತಿನ ಕೋಡನ್ನು ಎಷ್ಟು ಸರಿಯಾಗಿ ಮಾಡಿದ್ದಾರೆ ಎಂದು ವಿವರಿಸುತ್ತಾನೆ. ಬೇರೆ ಊರಿನ ಶಾಲಾ ಮಕ್ಕಳೂ ಆತನ ಹಿಂದೆ ಬೀಳುತ್ತಾರೆ. ಸಮೀಪದಲ್ಲೇ 2011ರಲ್ಲಿ ಸ್ಥಾಪನೆಯಾದ ಜಾನಪದ ವಿಶ್ವವಿದ್ಯಾಲಯ ಇದೆಯೆಂದು ತಿಳಿದ ಅಪ್ಪ, ಅಜ್ಜನ ಹೆಸರನ್ನು ಅಲ್ಲಿ ಯಾವುದಾದರೂ ಕೋರ್ಸಿಗೆ ಹಚ್ಚಬಹುದೇ ಎಂದು ವಿಚಾರಿಸಿ ಬರುತ್ತಾನೆ.

ತಿರುಗಾಟದ ಪಟ್ಟಿಯಲ್ಲಿ ತಿಳವಳ್ಳಿ ಇರುವುದಿಲ್ಲ. ಸೇವುಣರ ಕಾಲದ, 13ನೇ ಶತಮಾನದ ಶಾಂತೇಶ್ವರ ದೇವಾಲಯ ಇರುವುದು ಇದೇ ಊರಲ್ಲಿ. ಸವಣೂರಿನಿಂದ ಹೊರಟ ಇನ್ನೊಬ್ಬ ಹೆಸರು ಹಚ್ಚುವ ಅಪ್ಪ ಹಾನಗಲ್ ಬಸ್ ನಿಲ್ದಾಣದಲ್ಲಿ ಎದುರಾಗಿ, “ತಿಳವಳ್ಳಿ ಗುಡಿ ನೋಡಾಕ ಹೊಂಟೀವ್ರೀ, ಭಾಳ ಚಲೋ ಐತಂತ” ಎಂದರೆ ಈತ “ಹೌದೇನ್ರೀ?” ಎನ್ನುತ್ತಾನೆ. ಇಬ್ಬರೂ ನಂಬರು ಬರೆದುಕೊಳ್ಳುತ್ತಾರೆ.

ಶೀಗಿ ಹುಣ್ಣಿಮೆಗೆ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲುವುದು, ನಾಗರಪಂಚಮಿಗೆ ಮರಕ್ಕೆ ಜೋಕಾಲಿ ಕಟ್ಟುವುದು, ದೀಪಾವಳಿ ಕಳೆದ ಮೇಲೆ ಕೊಬ್ಬರಿ ಹಾರ, ಬಲೂನು ಕಟ್ಟಿದ ಹೋರಿಗಳನ್ನು ಓಡಿಸುವ ಹಬ್ಬ, ಇವೆಲ್ಲ ಅಪ್ಪನ ಲೆಕ್ಕದಲ್ಲಿ ಚಟುವಟಿಕೆಗಳಲ್ಲ. ಹೆಸರು ಹಚ್ಚದಿದ್ದರೂ ಮಕ್ಕಳು ಸೇರಿಕೊಂಡುಬಿಡುತ್ತಾರೆ. ಹೋರಿ ಹಬ್ಬದಲ್ಲಿ ಹೋರಿಗಳ ಹೆಸರನ್ನು ಮೈಕಿನಲ್ಲಿ ಕೂಗುವುದನ್ನು ಕೇಳಿದಾಗ ಮಾತ್ರ ಆತ ಒಂದಿಷ್ಟು ಗಮನ ಕೊಡುತ್ತಾನೆ.

ಈ ಜಾತಿಯಲ್ಲಿ ಉಪಜಾತಿಗಳಿವೆ. ಬೇಸಿಗೆಗೆ ಬೆಂಗಳೂರಿನಿಂದ ಬಂದು, ಇಲ್ಲಿ ಏನೂ ಇಲ್ಲವೆಂದು ಮೂರು ದಿನ ಹೇಳಿ, ನಾಲ್ಕನೇ ದಿನ ಮಕ್ಕಳು ಮನೆಗೇ ಬರುತ್ತಿಲ್ಲವೆಂದು ಹುಡುಕುವವರು ಒಂದು ಬಗೆ. ಹೆಸರು ಹಚ್ಚುವ ಅವ್ವಂದಿರು ಅಪರೂಪ. ಅವರು ಹಚ್ಚುವ ಮೊದಲು ಮಗುವನ್ನು ಕೇಳುತ್ತಾರೆ, ಆದ್ದರಿಂದ ಶಾಸ್ತ್ರಕಾರರು ಅವರನ್ನು ಈ ವರ್ಗದಲ್ಲಿ ಸೇರಿಸುವುದಿಲ್ಲ.

ಪ್ರೌಢಾವಸ್ಥೆಯಲ್ಲಿ ಅಪ್ಪ ತಾನೇ ಮಂಡಳಿ ಕಟ್ಟುತ್ತಾನೆ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯ ಪ್ರಕಾರ ಸಂಘಕ್ಕೆ ಕಡಿಮೆಯೆಂದರೆ 7 ಮಂದಿ ಬೇಕು, ಉದ್ದೇಶ ಮತ್ತು ನಿಯಮಾವಳಿ ಬರೆದು ಕೊಡಬೇಕು. ಅರ್ಜಿ, ಸಹಿ, ರಸೀದಿ, ಸರ್ಟಿಫಿಕೇಟ್ ಎಲ್ಲ ಒಟ್ಟಿಗೆ ಸಿಗುವ ಈ ಕೆಲಸದಲ್ಲಿ ಆತ ಪಡುವ ಸುಖ ಬೇರಾವುದರಲ್ಲೂ ಇಲ್ಲ. ಹೆಸರಿನ ಮುಂದೆ ಕಂಸದಲ್ಲಿ ‘ರಿ’ ಬಿದ್ದ ದಿನ ಮನೆಯಲ್ಲಿ ಹೋಳಿಗೆ. ಉದ್ಘಾಟನೆ ನವೆಂಬರ್ 14ಕ್ಕೆ. 1938ರಲ್ಲಿ ಆರ್. ಕಲ್ಯಾಣಮ್ಮ ಬೆಂಗಳೂರಿನಲ್ಲಿ ಮಕ್ಕಳ ಕೂಟ ಕಟ್ಟಿದ್ದು, ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಮಕ್ಕಳೊಡನೆ ಕುಣಿದದ್ದು ಭಾಷಣದಲ್ಲಿ ಬಂದೇ ಬರುತ್ತವೆ. ವೇದಿಕೆಯ ಮೇಲೆ ಹದಿನೇಳು ಮಂದಿ ದೊಡ್ಡವರು, ಕೆಳಗೆ ತಾಡಪತ್ರಿಯ ಮೇಲೆ ಮಕ್ಕಳು. ಆರನೇ ಭಾಷಣಕ್ಕೆ ಮಕ್ಕಳು ತಾಡಪತ್ರಿಯ ಹಿಂದುಗಡೆ ಚೌಕಾಬಾರದ ಮನೆ ಗೀಚಿರುತ್ತಾರೆ. ವಂದನಾರ್ಪಣೆಯ ಹೊತ್ತಿಗೆ ಎರಡು ಆಟ ಮುಗಿದು ಮೂರನೆಯದಕ್ಕೆ ಜಗಳ ಹತ್ತಿರುತ್ತದೆ. ಆಮೇಲೆ ಮಂಡಳಿಯಲ್ಲಿ ಉಳಿಯುವುದು ಲೆಟರ್ ಪ್ಯಾಡು, ರಬ್ಬರ್ ಮುದ್ರೆ, ಒಂದು ಕೇರಂ ಬೋರ್ಡು. ಬೋರ್ಡು ಇರುವ ಕೋಣೆಯ ಕೀಲಿ ಕಾರ್ಯದರ್ಶಿಯ ಹತ್ತಿರ, ಪೌಡರು ಖಜಾಂಚಿಯ ಹತ್ತಿರ.

ಮಗ ಒಂಬತ್ತನೇ ಇಯತ್ತೆ ದಾಟಿದ ವರ್ಷ ಈ ಅವಸ್ಥೆ ಮುಗಿಯುತ್ತದೆ. ಆ ಏಪ್ರಿಲ್ 10ರಂದು ಅಪ್ಪ ಝೆರಾಕ್ಸ್ ಅಂಗಡಿಗೆ ಬಂದು ಶಿಬಿರಗಳ ಬಗ್ಗೆ ಕೇಳುವುದಿಲ್ಲ. ಗಣಿತಕ್ಕೆ ಯಾರು ಚಲೋ, ವಿಜ್ಞಾನಕ್ಕೆ ಯಾರು, ಮುಂಜಾನೆ ಐದಕ್ಕೆ ಯಾವ ಬ್ಯಾಚು ಎಂದು ಕೇಳುತ್ತಾನೆ. ಕಿಸೆಯಲ್ಲಿ ಅದೇ ಫೋಟೊ, ಅದೇ ಗುಂಡುಸೂಜಿ ಇದ್ದರೂ ಆತ ಈಗ ಟ್ಯೂಷನ್ ಹುಡುಕುವ ಅಪ್ಪ. ಅದು ಬೇರೆಯೇ ಜಾತಿ, ಆಹಾರವೂ ಬೇರೆ, ನಿದ್ದೆಯೂ ಕಡಿಮೆ.