ಬೋರ್ಡು ಬದಲಾದರೆ ಜನ್ಮ ಬದಲಾಯಿತು

ಕಂಪ್ಯೂಟರ್ ಎಂದರೆ ಅದರ ಯಾವ ಭಾಗ? ಕೇಳುವುದಕ್ಕೆ ವೇದಾಂತದಂತಿದ್ದರೂ ಇದಕ್ಕೆ ಉತ್ತರ ವಿಂಡೋಸ್ ಲೈಸೆನ್ಸಿನಲ್ಲಿದೆ. ರ‍್ಯಾಮ್ ಬದಲಿಸಿ, ಹಾರ್ಡ್ ಡಿಸ್ಕ್ ಕಿತ್ತು ಎಸ್‌ಎಸ್‌ಡಿ ಹಾಕಿ, ಬಣ್ಣಬಣ್ಣದ ದೀಪದ ಫ್ಯಾನು ಕೂರಿಸಿ. ಸಾಮಾನ್ಯವಾಗಿ ವಿಂಡೋಸ್ ತಕರಾರಿಲ್ಲದೆ ನಡೆದುಕೊಂಡು ಹೋಗುತ್ತದೆ. ಮದರ್‌ಬೋರ್ಡ್ ಬದಲಿಸಿದಿರೋ, ನೀವ್ಯಾರೋ ಅದ್ಯಾರೋ.

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಚೌಕಾಸಿ ಮಾಡಿ ತಂದ ಬಿಡಿಭಾಗಗಳನ್ನು ನನ್ನ ಸೋದರಳಿಯ ಊಟದ ಮೇಜಿನ ಮೇಲೆ ಹರಡಿಕೊಂಡು ಜೋಡಿಸಿದ. ಪ್ರೊಸೆಸರಿಗೆ ಥರ್ಮಲ್ ಪೇಸ್ಟ್ ಹಚ್ಚುವಾಗ ಉಸಿರು ಬಿಗಿಹಿಡಿದಿದ್ದವನು, ಪರದೆ ಬೆಳಗಿದ ಮೇಲೆ ಕೇಳಿದ: "ಮಾವ, ನಿಮ್ಮ ಹಳೇ ವಿಂಡೋಸ್ 10 ಓಇಎಮ್ಮೋ ರೀಟೇಲೋ?"

ಗೋತ್ರ ಕೇಳಿದ್ದರೆ ಥಟ್ಟನೆ ಹೇಳುತ್ತಿದ್ದೆ.

ಯಂತ್ರದ ಜೊತೆಗೇ ಬರುವ ಓಇಎಂ ಲೈಸೆನ್ಸು ಎಂದರೆ ಹಿತ್ತಲಿನ ಕರಿಬೇವಿನ ಮರ. ಮನೆ ಬಿಟ್ಟರೆ ಅದನ್ನೂ ಬಿಡಬೇಕು. ಬಿಡಿಯಾಗಿ ಕೊಂಡ ರೀಟೇಲ್ ಕುಂಡದ ತುಳಸಿ, ಎತ್ತಿಕೊಂಡು ಹೋಗಬಹುದು. ಅಳಿಯ ಹಳೆಯ ಯಂತ್ರದಲ್ಲಿ ಅದೇನೋ ಆಜ್ಞೆ ಕುಟ್ಟಿ, "ರೀಟೇಲ್! ಬದುಕಿದ್ರಿ" ಎಂದ.

ಆ ಲೈಸೆನ್ಸಿನ ಕೀ ಬರೆದ ಚೀಟಿ ಗಾಡ್ರೆಜ್ ಬೀರುವಿನಲ್ಲಿ, ಮನೆ ಕಂದಾಯದ ರಸೀದಿಗಳ ನಡುವೆ ಸಿಕ್ಕಿತು. ಐದೈದರ ಐದು ಗುಂಪು, ಒಟ್ಟು 25 ಅಕ್ಷರ. ಓದುವವರು ತಬ್ಬಿಬ್ಬಾಗದಿರಲೆಂದು ಅದರಲ್ಲಿ 'ಓ'ನೂ ಇಲ್ಲ, ಸೊನ್ನೆಯೂ ಇಲ್ಲ. 'ಐ'ಯೂ ಇಲ್ಲ, ಒಂದೂ ಇಲ್ಲ. 'ಬಿ' ಮತ್ತು 8 ಮಾತ್ರ ಹಾಗೇ ಇವೆ. ನನ್ನ ಕನ್ನಡಕಕ್ಕೆ ಅವೆರಡೂ ಅವಳಿಜವಳಿ.

ಒಂದು ಲೈಸೆನ್ಸು ಒಂದು ಸಮಯಕ್ಕೆ ಒಂದೇ ಯಂತ್ರಕ್ಕೆ. ಹಳೆಯದರಿಂದ ಕೀ ತೆಗೆದು ಹೊಸದಕ್ಕೆ ಕೊಟ್ಟದ್ದಾಯಿತು. 2016ರಿಂದೀಚೆಗೆ ಲೈಸೆನ್ಸನ್ನು ಆನ್‌ಲೈನ್ ಖಾತೆಗೆ ತಗುಲಿಹಾಕುವ ಸೌಕರ್ಯ ಬಂದಿದೆ. ಖಾತೆಯಿಲ್ಲದ ನಮಗೆ ಆಗ ಲೈಸೆನ್ಸು ಊರ್ಜಿತವಾಗಲು ಫೋನೇ ಗತಿ.

ಪರದೆಯ ಮೇಲಿನ 63 ಅಂಕಿಗಳನ್ನು ನಾನು ಮಗ್ಗಿಯ ರಾಗದಲ್ಲಿ ಓದಿದೆ. ಅಡುಗೆಮನೆಯಲ್ಲಿ ಒಗ್ಗರಣೆಯ ಸದ್ದು ನಿಂತಿತು. ಯಂತ್ರಕಂಠ ಗಂಭೀರವಾಗಿ ಕೇಳಿತು: ಈ ಪ್ರತಿ ಎಷ್ಟು ಕಂಪ್ಯೂಟರುಗಳಲ್ಲಿದೆ? ಕೋರ್ಟಿನ ಕಟಕಟೆ ಹತ್ತದ ನಾನು ಬೆವರಿ, "ಒಂದು" ಎಂದೆ. ಪ್ರಸನ್ನವಾದ ಆ ದನಿ 48 ಅಂಕಿಗಳನ್ನು ದಯಪಾಲಿಸಿತು.

"ದುಡ್ಡು ಕೊಟ್ಟು ತಂದದ್ದಕ್ಕೆ ಇಷ್ಟೊಂದು ಜಪ ಯಾಕ್ರೀ?" ಎಂದಳು ಹೆಂಡತಿ, ಸೌಟು ಹಿಡಿದೇ.

"ನಾವು ಕೊಂಡದ್ದು ವಿಂಡೋಸನ್ನಲ್ಲ ಕಣೇ, ಅದನ್ನು ಬಳಸುವ ಅಪ್ಪಣೆಯನ್ನು."

"ಸರಿ. ಆ ಹಳೇ ಡಬ್ಬಾನ ಗುಜರಿಗೆ ಹಾಕೋಕೆ ಯಾರ ಅಪ್ಪಣೆ ಬೇಕು?"

ಅದಕ್ಕೆ ನನ್ನದೊಂದೇ ಸಾಕು. ನಾನಿನ್ನೂ ಕೊಟ್ಟಿಲ್ಲ.