ಗಿಳಿ ಬಳಕೆದಾರರ ಕೈಪಿಡಿ: ಸುಂಕದಕಟ್ಟೆ ಆವೃತ್ತಿ

ಪೆಟ್ಟಿಗೆ ಬಿಚ್ಚುವ ಮುನ್ನ. ಅಭಿನಂದನೆಗಳು. ಬೇಸಿಗೆ ಕಾಲಿಡುವ ಹೊತ್ತಿಗೆ ರಸ್ತೆ ಬದಿಯಲ್ಲಿ ಯಾರೋ ‘ಮನೇಲೇ ಸಾಕಿದ್ದು ಸಾರ್, ಮಾತಾಡುತ್ತೆ’ ಎಂದರು, ಮಗು ಹಟ ಹಿಡಿಯಿತು, ನೀವು ಕೊಂಡಿರಿ. ಅದು ಮನೇಲಿ ಸಾಕಿದ್ದಲ್ಲ, ಪೊಟರೆಗೆ ಕೈಹಾಕಿ ಕಿತ್ತದ್ದು. ಬೇಕಿದ್ದರೆ ಬಿಲ್ ಕೇಳಿ ನೋಡಿ. ನಮ್ಮ ಹಸಿರು ಗಿಳಿಯನ್ನು ಮಾರುವುದೂ ಸಾಕುವುದೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಮೂರು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ. ಈ ಪುಟವನ್ನು ಎಲ್ಲರಂತೆ ನೀವೂ ಓದದೆ ಮಗುಚಿದ್ದೀರಿ ಎಂದು ಭಾವಿಸಿ ಮುಂದುವರಿಯುತ್ತೇವೆ.

ಅಳವಡಿಕೆ. ಪ್ಯಾಸೇಜಿನ ಕಂಬಿಗೆ ಪಂಜರ ನೇತುಹಾಕಿ. ಬೆಂಗಳೂರಿನ ಸುಂಕದಕಟ್ಟೆಯ ಬಾಡಿಗೆ ಕರಾರು 11 ತಿಂಗಳದ್ದು, ಪಂಜರದ ಗಿಳಿ 25 ವರ್ಷ ಬದುಕಬಲ್ಲದು. ಅಂದರೆ ಅದರ ಒಂದು ಆಯಸ್ಸಿಗೆ ಇಪ್ಪತ್ತೇಳು ಕರಾರು. ‘ಮಕ್ಕಳೆಷ್ಟು, ನಾನ್‌ವೆಜ್ ಮಾಡ್ತೀರಾ’ ಎಂದು ಕೇಳುವ ಓನರಮ್ಮ, ಬೆಳಗಿನ ಜಾವ ಕಿರುಚುವ ಬಾಡಿಗೆದಾರನ ಬಗ್ಗೆ ಕೇಳುವುದಿಲ್ಲ. ಅಡ್ವಾನ್ಸ್ ವಾಪಸ್ ಕೊಡುವಾಗ ಕೇಳುತ್ತಾರೆ.

ಇಂಧನ. ಬರೀ ಸೂರ್ಯಕಾಂತಿ ಬೀಜ ಹಾಕಿದರೆ ಕೊಬ್ಬು ಬೆಳೆಯುತ್ತದೆ, ಎ ಜೀವಸತ್ವ ಸಿಗುವುದಿಲ್ಲ. ಸೊಪ್ಪು, ಕ್ಯಾರೆಟ್, ಸೀಬೆಹಣ್ಣು ಕೊಡಿ. ಹಸಿಮೆಣಸಿನಕಾಯಿ ತಿಂದರೆ ಮಾತು ಬರುತ್ತದೆ ಎಂಬುದು ಸುಳ್ಳು. ಹಕ್ಕಿಗಳಿಗೆ ಖಾರ ಹತ್ತುವುದಿಲ್ಲ, ಅಷ್ಟೇ ನಿಜ. ಬೆಣ್ಣೆಹಣ್ಣು, ಚಾಕೊಲೇಟ್, ಟೀಯಲ್ಲಿ ಅದ್ದಿದ ಬಿಸ್ಕತ್ತು ಬೇಡ. ಒಂದೇ ರೂಮಿನ ಮನೆಯಲ್ಲಿ ನಾನ್‌ಸ್ಟಿಕ್ ತವಾವನ್ನು ಒಲೆ ಮೇಲೆ ಮರೆತರೆ, ಅದರ ಆವಿ ನಿಮಗೆ ವಾಸನೆ ಬರುವಷ್ಟರಲ್ಲಿ ಗಿಳಿಯನ್ನು ಮುಗಿಸಿರುತ್ತದೆ.

ಶಬ್ದದೋಷ. ಗಂಡ ಹೆಂಡತಿ ಇಬ್ಬರೂ ಗಾರ್ಮೆಂಟ್ಸಿಗೆ, ಮಗು ಶಾಲೆಗೆ. ‘ರಾಮ ರಾಮ’ ಕಲಿಸುವವರು ಮನೆಯಲ್ಲಿಲ್ಲದ ಕಾರಣ ಗಿಳಿ ಎದುರುಮನೆ ಕುಕ್ಕರಿನ ಸೀಟಿ ಕಲಿಯುತ್ತದೆ; ಎಷ್ಟು ಚೆನ್ನಾಗಿ ಎಂದರೆ ಎದುರುಮನೆಯಾಕೆ ಗ್ಯಾಸ್ ಆರಿಸಲು ಓಡುತ್ತಾಳೆ. ಇಷ್ಟಕ್ಕೇ ನಿಂತರೆ ಸರಿ. ಕೆಲವು ತಮ್ಮ ಎದೆಯ ಗರಿಯನ್ನು ತಾವೇ ಕೀಳತೊಡಗುತ್ತವೆ. ಮೊದಲು ಹಸಿರು ಹೋಗಿ ಬೂದು ತುಪ್ಪಳ ಕಾಣುತ್ತದೆ, ಆಮೇಲೆ ಅದೂ ಹೋಗಿ ಕೆಂಪು ಚರ್ಮ. ಕಾಯಿಲೆಯೂ ಇರಬಹುದು, ದಿನವಿಡೀ ಒಬ್ಬಂಟಿಯಾಗಿ ಕೂತ ಬೇಸರವೂ ಇರಬಹುದು. ರೀಸ್ಟಾರ್ಟ್ ಬಟನ್ ಇಲ್ಲ.

ವಿಲೇವಾರಿ. ಎಲ್ಲರೂ ಎಡವುವುದು ಇಲ್ಲೇ. ಜನಪ್ರಿಯ ವಿಧಾನ: ಮಗುವಿನ ಹುಟ್ಟುಹಬ್ಬಕ್ಕೆ ತಾರಸಿ ಹತ್ತಿ, ಪಂಜರದ ಬಾಗಿಲು ತೆಗೆದು, ವಿಡಿಯೊ ಮಾಡಿ, ಪುಣ್ಯ ಕಟ್ಟಿಕೊಳ್ಳುವುದು. ವಿಡಿಯೊ ನಿಂತ ಮೇಲೆ ಗಿಳಿ ಸಿಂಟೆಕ್ಸ್ ಮೇಲೆ ಕೂರುತ್ತದೆ. ಕತ್ತರಿಸಿದ ರೆಕ್ಕೆಗರಿ ಹೊಸದಾಗಿ ಬರಬೇಕಾದರೆ ಮುಂದಿನ ಸಲ ಗರಿ ಉದುರುವವರೆಗೆ ಕಾಯಬೇಕು. ಕಾಗೆಗಳು ಅಷ್ಟು ಕಾಯುವುದಿಲ್ಲ. ಎರಡನೆಯದು, ‘ಊರಲ್ಲಿ ತೋಟ ಇದೆ’ ಎಂದು ಭಾವಮೈದುನನಿಗೆ ದಾಟಿಸುವುದು. ಹೀಗೆ ಮಾಡಿದರೆ ಅಪರಾಧವೂ ಬಸ್ ಹತ್ತುತ್ತದೆ.

ಸರಿಯಾದ ವಿಧಾನ: 1926ಕ್ಕೆ, ಅಂದರೆ ಅರಣ್ಯ ಇಲಾಖೆಯ ಸಹಾಯವಾಣಿಗೆ ಫೋನ್ ಮಾಡಿ. ಇಲ್ಲವೇ ಕೆಂಗೇರಿಯಲ್ಲಿರುವ ಪೀಪಲ್ ಫಾರ್ ಅನಿಮಲ್ಸ್ ವನ್ಯಜೀವಿ ಆಸ್ಪತ್ರೆಯನ್ನು ಕೇಳಿ. ಆಷಾಢದ ಗಾಳಿಪಟದ ಮಾಂಜಾಕ್ಕೆ ರೆಕ್ಕೆ ಕೊಯ್ದುಕೊಂಡ ಹದ್ದುಗಳೂ ಹೋಗುವುದು ಅಲ್ಲಿಗೇ. ಶೂ ಡಬ್ಬಿಗೆ ತೂತು ಮಾಡಿ, ಹಳೆ ಟವೆಲ್ ಹಾಸಿ, ಹಕ್ಕಿಯನ್ನು ಕತ್ತಲಲ್ಲಿ ಇಟ್ಟು ಒಯ್ಯಿರಿ. ದಾರಿಯಲ್ಲಿ ತೆರೆದು ತೆರೆದು ನೋಡಬೇಡಿ, ಬಾಯಿಗೆ ಹಾಲು ಬಿಡಬೇಡಿ. ಮನುಷ್ಯರಿಗೆ ಒಗ್ಗಿದ ಗಿಳಿಯನ್ನು ದೊಡ್ಡ ಗೂಡಿನಲ್ಲಿ ಬೇರೆ ಗಿಳಿಗಳ ಜೊತೆ ಬಿಟ್ಟು ಹಾರಲು, ಹೆದರಲು, ಮುಖ್ಯವಾಗಿ ನಿಮ್ಮನ್ನು ಮರೆಯಲು ಅಭ್ಯಾಸ ಮಾಡಿಸಬೇಕು. ಎಲ್ಲವೂ ಮರೆಯುವುದಿಲ್ಲ. ಮರೆಯದವು ಕಾಡಿಗೆ ಹೋಗುವುದಿಲ್ಲ.

ಇತರ ಮಾಡೆಲ್‌ಗಳು. ಬಡ್ಜಿ, ಕಾಕಟೀಲ್ ಹೊರದೇಶದವು, ಸಾಕಲು ಅಡ್ಡಿಯಿಲ್ಲ. ಆದರೆ ಇವನ್ನು ಹೊರಗೆ ಬಿಡಲೇಬೇಡಿ. ಸಾಕಲಾಗದಿದ್ದರೆ ಜೋಡಿ ಒಡೆಯದೆ ಇನ್ನೊಂದು ಮನೆ ಹುಡುಕಿ. ಆಫ್ರಿಕನ್ ಗ್ರೇ ಆದರೆ 2024ರ ನಿಯಮದಂತೆ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಕಡ್ಡಾಯ, ಕೈ ಬದಲಾದರೆ ಅದನ್ನೂ ತಿಳಿಸಬೇಕು.

ಉಳಿದ ಬಿಡಿಭಾಗ. ಖಾಲಿ ಪಂಜರವನ್ನು ಓಎಲ್‌ಎಕ್ಸ್‌ಗೆ ಹಾಕಬೇಡಿ, ಕೊಂಡವರು ಅದಕ್ಕೊಂದು ಹಕ್ಕಿ ಹುಡುಕುತ್ತಾರೆ. ತುಳಿದು ಚಪ್ಪಟೆ ಮಾಡಿ ಗುಜರಿಗೆ ಕೊಡಿ. ತೂಕ ಸರಿಯಾಗಿ ನೋಡಿಕೊಳ್ಳಿ.